ಕನ್ನಡ ನಾಡಿನ ಶ್ರಾವಿಕಾ ಪರಂಪರೆ

ಜಿನಶಾಸನದಲ್ಲಿ ಸಂಘವು ಚತುರ್ವಿಧವಾದುದು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಈ ನಾಲ್ಕು ಅಂಗಗಳಲ್ಲಿ ಎರಡು ಸ್ತ್ರೀಯರವು. ಆದುದರಿಂದ ಬಸದಿಯೊಂದು ನೆಲೆಗೊಳ್ಳುವ ಈ ಶುಭಸಂದರ್ಭದಲ್ಲಿ ನಮ್ಮ ನಾಡಿನ ಶ್ರಾವಿಕೆಯರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ. ಅತ್ತಿಮಬ್ಬೆ, ಶಾಂತಲೆ ಮೊದಲಾದವರ ಹೆಸರು ಎಲ್ಲರಿಗೂ ಪರಿಚಿತ. ಆದರೆ ಅವರನ್ನು ಬಿಡಿಬಿಡಿಯಾದ ರತ್ನಗಳೆಂದು ಕೊಂಡಾಡುವ ನಾವು, ಅವರನ್ನು ಪರಸ್ಪರ ಪೋಣಿಸಿದ ಸೂತ್ರವನ್ನು ಗಮನಿಸಿದ್ದು ಕಡಮೆ. ಶಾಸನಗಳನ್ನು ನಿಧಾನವಾಗಿ ಓದಿದಾಗ ಆ ಸೂತ್ರವು ಕಾಣಿಸುತ್ತದೆ.

ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದನು. ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಆಡಳಿತದಲ್ಲಿ ಅವಳ ಸಾಮರ್ಥ್ಯವನ್ನೂ ಜಿನಶಾಸನದಲ್ಲಿ ಅವಳ ಭಕ್ತಿಯನ್ನೂ ಶಾಸನವು ಒಟ್ಟಿಗೆ ಹೊಗಳುತ್ತದೆ. ರೋಗವು ದೇಹವನ್ನು ಬಾಧಿಸಿದಾಗ ಅವಳು ತನ್ನ ಮಗಳನ್ನು ಕರೆಸಿ, ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡಳು. ತಾಯಿಯಿಂದ ಮಗಳಿಗೆ ಹೊಣೆಯು ಸಾಗಿದ ಈ ಪ್ರಸಂಗವು ನಮ್ಮ ಪರಂಪರೆಯ ಮೊದಲ ಎಳೆಗಳಲ್ಲಿ ಒಂದು.

ಎರಡನೆಯ ಎಳೆ ಶೋಕದಿಂದ ಹುಟ್ಟಿದುದು. ಮಲ್ಲಪಯ್ಯನ ಪುತ್ರಿಯರಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆಯರಿಬ್ಬರೂ ನಾಗದೇವನ ಪತ್ನಿಯರು. ಪತಿಯು ಮಡಿದಾಗ ಗುಂಡಮಬ್ಬೆ ಅವನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು. ಪತಿಯನ್ನೂ ಒಡಹುಟ್ಟಿದವಳನ್ನೂ ಒಮ್ಮೆಲೇ ಕಳೆದುಕೊಂಡ ಆ ತರುಣಿಯು ಬದುಕಿದ ಬಗೆಯೇ ನಮಗೆ ಪಾಠ. ಅವಳ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಆ ಕೃತಿಯ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ತಾಳೆಯೋಲೆ, ಎಷ್ಟು ಲಿಪಿಕಾರರ ಶ್ರಮ ಎಂಬುದನ್ನು ಊಹಿಸಿಕೊಳ್ಳಬಹುದು. ಮನೆತನದ ಕೃತಿಯು ನಾಡಿನ ಸೊತ್ತಾಯಿತು. ಅವಳ ಆಶ್ರಯದಲ್ಲಿಯೇ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನವು 1007ರದು.

ಅವಳ ಹೆಸರು ಅವಳೊಡನೆ ಮುಗಿಯಲಿಲ್ಲ. ಸುಮಾರು ನೂರು ವರ್ಷಗಳ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಹೊಗಳಬೇಕಾದ ಶ್ರವಣಬೆಳಗೊಳದ ಶಾಸನಕವಿಯು ಅತ್ತಿಮಬ್ಬೆಯನ್ನೇ ನೆನೆದನು. ಅವಳ ಜಿನಭಕ್ತಿಗೆ ಗೋದಾವರಿಯು ನಿಂತಂತೆ ಗಂಗರಾಜನ ಭಕ್ತಿಗೆ ಕಾವೇರಿಯು ಅವನನ್ನು ಮುಟ್ಟದೆ ಉಳಿಯಿತೆಂಬುದು ಅವನ ಮಾತಿನ ಭಾವ. ಪವಾಡದ ಮಾತು ಹಾಗಿರಲಿ. ರಣಧೀರನಾದ ಸೇನಾನಿಯ ಹಿರಿಮೆಯನ್ನು ಅಳೆಯಲು ಒಬ್ಬ ಶ್ರಾವಿಕೆಯ ಬಾಳು ಅಳತೆಗೋಲಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಅದೇ ಗಂಗರಾಜನ ಮನೆಯನ್ನು ನೋಡೋಣ. ಅವನ ಪತ್ನಿ ಲಕ್ಷ್ಮೀಮತಿಯು 1118ರಲ್ಲಿ ಚಂದ್ರಗಿರಿಯ ಮೇಲೆ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ಅವಳ ಓರಗಿತ್ತಿ ಜಕ್ಕಣಬ್ಬೆಯು ಬೆಳಗೊಳದಲ್ಲಿ ಕೆರೆಯನ್ನು ತೋಡಿಸಿದಳು. ಜಕ್ಕಿಕಟ್ಟೆಯೆಂಬ ಹೆಸರಿನಲ್ಲಿ ಅವಳ ನೆನಪು ಉಳಿದಿದೆ. ಲಕ್ಷ್ಮೀಮತಿಯ ಸೋದರಿ ದೇಮತಿಯೂ ಇದೇ ಧರ್ಮಮಾರ್ಗದವಳು. ಈ ಮೂವರಿಗೂ ಶುಭಚಂದ್ರ ಸಿದ್ಧಾಂತದೇವರೇ ಗುರುಗಳು. ಅತ್ತೆ ಪೋಚಿಕಬ್ಬೆ ಮತ್ತು ಸೋದರಿ ದೇಮತಿ 1120ರಲ್ಲಿಯೂ ಲಕ್ಷ್ಮೀಮತಿ 1121ರಲ್ಲಿಯೂ ಸಮಾಧಿಮರಣವನ್ನು ಹೊಂದಿದರು. ಅತ್ತೆ, ಸೊಸೆ, ಓರಗಿತ್ತಿ ಎಂಬ ಸಂಬಂಧಗಳು ನಮ್ಮ ಗಾದೆಗಳಲ್ಲಿ ಕಲಹಕ್ಕೇ ಹೆಸರಾಗಿವೆ. ಈ ಮನೆಯಲ್ಲಿ ಅವು ವ್ರತದಿಂದಲೂ ದಾನದಿಂದಲೂ ಬಿಗಿದ ಬಂಧಗಳಾಗಿದ್ದವು.

ಎಲ್ಲವೂ ಸಾಮರಸ್ಯವಾಗಿಯೇ ಇತ್ತೆಂದು ಹೇಳಹೊರಟರೆ ಚರಿತ್ರೆಗೆ ಅಪಚಾರವಾದೀತು. ಪಟ್ಟಮಹಿಷಿ ಶಾಂತಲದೇವಿಯು 1123ರಲ್ಲಿ ಕಟ್ಟಿಸಿದ ಬಸದಿಗೆ ಅವಳ ಬಿರುದಿನಿಂದಲೇ ಸವತಿಗಂಧವಾರಣ ಬಸದಿಯೆಂಬ ಹೆಸರು ಬಂದಿತು. ಸವತಿಯರ ಪಾಲಿಗೆ ಮದಗಜವೆಂಬ ಆ ಬಿರುದಿನಲ್ಲಿ ಅಂತಃಪುರದ ಸ್ಪರ್ಧೆಯ ನೆರಳಿದೆ. ಆದರೆ ಆ ಬಸದಿಯ ಒಳಗೆ ನಿಂತಿರುವವನು ಶಾಂತಿನಾಥನು. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆಯು ಜಿನಭಕ್ತೆ; ಮಗಳಿಗೆ ಜಿನಧರ್ಮವು ತಾಯಿಯ ಮಡಿಲಿನಿಂದ ಬಂದ ಸಂಪತ್ತು. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಮುಡಿಪಿದ ಮೇಲೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ದೇಹತ್ಯಾಗ ಮಾಡಿದಳು.

ಮಲೆನಾಡಿನ ಹುಂಚದ ನಿದರ್ಶನವು ಇನ್ನೊಂದು ಬಗೆಯದು. ಚಟ್ಟಲದೇವಿಯ ಸೋದರಿ ಬೀರಲದೇವಿಯು ನಾಲ್ವರು ಗಂಡುಮಕ್ಕಳನ್ನು ಬಿಟ್ಟು ಅಗಲಿದಳು. ಚಟ್ಟಲೆಯು ಆ ಸಾಂತರ ಕುಮಾರರನ್ನು ತನ್ನ ಮಕ್ಕಳೆಂದೇ ಭಾವಿಸಿ ಪೊರೆದಳು; ಅವರೊಡಗೂಡಿ 1077ರಲ್ಲಿ, ಅಗಲಿದ ಬಂಧುಗಳ ಪರೋಕ್ಷವಿನಯಕ್ಕಾಗಿ, ಉರ್ವೀತಿಲಕವೆಂದು ಹೆಸರಾದ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಎಪ್ಪತ್ತು ವರ್ಷಗಳು ಕಳೆದ ಮೇಲೆ, 1147ರಲ್ಲಿ, ಅದೇ ಮನೆತನದ ಪಂಪಾದೇವಿಯು ಅದೇ ಬಸದಿಗೆ ಉತ್ತರದ ಪಟ್ಟಸಾಲೆಯನ್ನು ಸೇರಿಸಿದಳು. ಒಬ್ಬಳು ಕಟ್ಟಿದುದನ್ನು ಇನ್ನೊಬ್ಬಳು ಮುಂದುವರಿಸುವುದೆಂದರೆ ಇದೇ.

ಈ ಬಂಧವು ಅರಸುಮನೆತನಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಇವರೆಲ್ಲರಿಗಿಂತ ಶತಮಾನಗಳ ಹಿಂದೆಯೇ ಚಂದ್ರಗಿರಿಯ ಬಂಡೆಯ ಮೇಲೆ ನಾಗಮತಿ ಗಂತಿ, ಶಶಿಮತಿ ಗಂತಿ ಮೊದಲಾದ ತಪಸ್ವಿನಿಯರ ಹೆಸರುಗಳು ಕೊರೆಯಲ್ಪಟ್ಟಿವೆ. ಅವರಿಗೆ ರಾಜ್ಯವಿರಲಿಲ್ಲ, ಕೋಶವಿರಲಿಲ್ಲ. ಸಂಘವೊಂದೇ ಅವರ ಮನೆ. ಮಹಾಮಸ್ತಕಾಭಿಷೇಕದ ಐತಿಹ್ಯದಲ್ಲಿ ಗುಳ್ಳಕಾಯಜ್ಜಿಯ ಅಲ್ಪ ಹಾಲೇ ಗೊಮ್ಮಟೇಶ್ವರನ ಪಾದದವರೆಗೆ ಇಳಿಯಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವುದರ ತಾತ್ಪರ್ಯವೂ ಇದೇ. ಸಂಘದಲ್ಲಿ ಸ್ಥಾನವು ಸಿರಿವಂತಿಕೆಯಿಂದ ದೊರೆಯುವುದಲ್ಲ.

ಇಷ್ಟನ್ನು ಬರೆಯುವಾಗ ಒಂದು ವಿಷಾದವು ಮನಸ್ಸನ್ನು ತಟ್ಟದೆ ಇರದು. ಎಂಟುನೂರು, ಒಂಬೈನೂರು ವರ್ಷಗಳ ಹಿಂದಿನ ಕಲ್ಲುಗಳು ಶ್ರಾವಿಕೆಯ ಹೆಸರನ್ನೂ ಅವಳ ತಾಯಿಯ ಹೆಸರನ್ನೂ ಅವಳ ಗುರುವಿನ ಹೆಸರನ್ನೂ ಹೇಳುತ್ತವೆ. ನಮ್ಮ ಕಾಲದ ದಾನಿಗಳ ಫಲಕಗಳಲ್ಲಿಯಾದರೋ ಎಷ್ಟೋ ಕಡೆ ಅವಳು ಇಂಥವರ ಧರ್ಮಪತ್ನಿ ಮಾತ್ರ. ಪೂಜಾದ್ರವ್ಯವನ್ನು ಅಣಿಗೊಳಿಸುವವರು, ಮಕ್ಕಳಿಗೆ ಣಮೋಕಾರ ಮಂತ್ರವನ್ನು ಕಲಿಸುವವರು, ವಿಧವೆಯಾದ ನೆರೆಯವಳನ್ನು ಕೈಹಿಡಿದು ಬಸದಿಗೆ ಕರೆತರುವವರು ಯಾರು? ಅವರ ಹೆಸರುಗಳನ್ನು ಯಾವ ಕಲ್ಲಿನಲ್ಲಿ ಹುಡುಕಬೇಕು?

ಪ್ರತಿಷ್ಠೆಯಾದ ಬಿಂಬಕ್ಕೆ ನಿತ್ಯಪೂಜೆಯು ಹೇಗೆ ಅವಶ್ಯವೋ ಕಟ್ಟಿದ ಬಸದಿಗೆ ಕೂಡಿಬರುವ ಜನವೂ ಹಾಗೆಯೇ ಅವಶ್ಯ. ನಮ್ಮ ಶ್ರಾವಿಕೆಯರು ಇಲ್ಲಿ ಕಲೆತು ಸ್ವಾಧ್ಯಾಯ ಮಾಡಲಿ. ಹಿರಿಯರು ತಿಳಿದುದನ್ನು ಕಿರಿಯರಿಗೆ ಒಪ್ಪಿಸಲಿ. ಆಡಳಿತದ ಹೊಣೆಯಲ್ಲಿ ಅವರಿಗೂ ಪಾಲಿರಲಿ. ಅವರ ಹೆಸರುಗಳು ಅವರವೇ ಆಗಿ ದಾಖಲೆಯಲ್ಲಿ ಉಳಿಯಲಿ. ಜಕ್ಕಿಯಬ್ಬೆಯು ಮಗಳನ್ನು ಕರೆಸಿ ಹೊಣೆಯನ್ನು ಒಪ್ಪಿಸಿದಂತೆ ಈ ಬಸದಿಯನ್ನು ಮುಂದಿನವರಿಗೆ ಒಪ್ಪಿಸುವ ಭಾಗ್ಯವು ನಮ್ಮ ತಾಯಂದಿರಿಗೂ ಸೋದರಿಯರಿಗೂ ಲಭಿಸಲೆಂದು ಜಿನೇಶ್ವರನಲ್ಲಿ ಪ್ರಾರ್ಥಿಸುತ್ತೇನೆ.