ನೆಲದ ಒಲೆಯಿಂದ ಗ್ರಾನೈಟ್ ಕಟ್ಟೆವರೆಗೆ: ನಮ್ಮ ಅಡುಗೆಮನೆ ಕಲ್ಲಿನ ಕಥೆ

ಈಗ ಮಂಡ್ಯ, ಮದ್ದೂರು, ಮಳವಳ್ಳಿ ಯಾವ ಪೇಟೆಗೆ ಹೋದರೂ ರಸ್ತೆ ಪಕ್ಕ ಗ್ರಾನೈಟ್ ಅಂಗಡಿ ಕಣ್ಣಿಗೆ ಬೀಳುತ್ತದೆ. ದೊಡ್ಡ ದೊಡ್ಡ ಹಲಗೆಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ಅಲ್ಲಿ ನಿಂತು ಅಡಿಗೆ ಎಷ್ಟು ಅಂತ ಚೌಕಾಸಿ ಮಾಡುವವರೆಲ್ಲ ಹೊಸ ಮನೆ ಕಟ್ಟುವವರಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಹಾಕಿಸಿದ ಕಡಪ ಕಲ್ಲಿನ ಕಟ್ಟೆ ಕಿತ್ತು, ಅದರ ಜಾಗಕ್ಕೆ ಹೊಳೆಯೋ ಕಲ್ಲು ಕೂರಿಸಲು ಬಂದವರೂ ಅವರಲ್ಲಿದ್ದಾರೆ.

ಆ ಕಡಪ ಕಲ್ಲೂ ಒಂದು ಕಾಲಕ್ಕೆ ಹೊಸದೇ. ಅದಕ್ಕೂ ಹಿಂದೆ ನಮ್ಮ ಕಡೆ ಅಡುಗೆಮನೇಲಿ ಕಟ್ಟೆಯೇ ಇರಲಿಲ್ಲ.

ಹಳೇ ತೊಟ್ಟಿಮನೆ ನೋಡಿದವರಿಗೆ ಗೊತ್ತಿರುತ್ತದೆ. ಅಡುಗೆಮನೆ ಅಂದರೆ ಒಳಗಿನ ಕತ್ತಲೆ ಕೋಣೆ. ಮೂಲೇಲಿ ಮಣ್ಣಿನ ಒಲೆ, ಪಕ್ಕದಲ್ಲಿ ಅದೇ ಬೆಂಕಿಯ ಕಾವು ಹಿಡಿಯೋ ಕೋಡೊಲೆ. ಮೇಲೆ ಅಟ್ಟ, ನೆಲುವು. ಹೊಗೆ ಹೋಗಲು ಹೆಂಚಿನ ಸಂದಿಯೋ, ಒಂದು ಸಣ್ಣ ಗವಾಕ್ಷಿಯೋ. ನೆಲಕ್ಕೆ ಸಗಣಿ ಸಾರಿಸಿರುತ್ತಿದ್ದರು. ಹೆಚ್ಚೋದು, ರುಬ್ಬೋದು, ಬೇಯಿಸೋದು, ಬಡಿಸೋದು ಎಲ್ಲವೂ ನೆಲದ ಮೇಲೆ. ಕಲ್ಲು ಆಗಲೂ ಇತ್ತು, ಆದರೆ ಅದು ಕೆಲಸ ಮಾಡೋ ಕಲ್ಲು: ರಾಗಿ ಬೀಸೋ ಕಲ್ಲು, ಖಾರ ಅರೆಯೋ ಒರಳುಕಲ್ಲು, ಅದರ ಗುಂಡು. ಸವೆದು ನುಣ್ಣಗಾದಾಗ ಕಲ್ಲುಕುಟಿಗರು ಊರಿಗೆ ಬಂದು ಉಳಿಯಿಂದ ಕಚ್ಚು ಹಾಕಿ ಮತ್ತೆ ಒರಟು ಮಾಡಿ ಹೋಗುತ್ತಿದ್ದರು. ಅಂದರೆ ಆಗ ಒರಟಾಗಿರೋದೇ ಒಳ್ಳೇ ಕಲ್ಲು. ಈಗ ಮುಖ ಕಾಣುವಷ್ಟು ನುಣ್ಣಗಿದ್ದರೆ ಒಳ್ಳೇ ಕಲ್ಲು.

ನೆಲದ ಅಡುಗೆಗೆ ಬಡತನ ಮಾತ್ರ ಕಾರಣ ಅಂತ ನಾವು ಒಪ್ಪುವುದಿಲ್ಲ. ಮುದ್ದೆಯೂ ಒಂದು ಕಾರಣ. ಕುದಿಯೋ ಎಸರಿಗೆ ರಾಗಿಹಿಟ್ಟು ಹಾಕಿ ಬೆಂದ ಮೇಲೆ ಅದನ್ನು ಗಂಟಿಲ್ಲದಂತೆ ತಿರುವಬೇಕು. ಹತ್ತು ಜನರ ಮನೆ ಅಂದರೆ ದೊಡ್ಡ ಪಾತ್ರೆ, ಬಿಗಿ ಹಿಟ್ಟು. ಪಾತ್ರೆ ಕೆಳಗಿಳಿಸಿ, ಅಲುಗದ ಹಾಗೆ ಕವೆಗೋಲಿನಿಂದಲೋ ಬಟ್ಟೆ ಸುತ್ತಿ ಕಾಲಿನಿಂದಲೋ ಅದುಮಿ ಹಿಡಿದು, ಮೈಭಾರವೆಲ್ಲ ಹಿಟ್ಟಿನ ದೊಣ್ಣೆ ಮೇಲೆ ಬಿಟ್ಟು ತಿರುವಬೇಕು. ಆ ಭಾರ ಮೇಲಿಂದ ಕೆಳಕ್ಕೆ ಬೀಳಬೇಕಾದರೆ ಪಾತ್ರೆ ನೆಲದಲ್ಲಿರಬೇಕು. ಎದೆಮಟ್ಟದ ಪಾತ್ರೇಲಿ ಆ ಕೆಲಸ ಆಗದು. ನೆಲದ ಒಲೆಯಲ್ಲಿ ನಮ್ಮ ಹೆಂಗಸರಿಗೆ ಕಷ್ಟ ಕೊಟ್ಟಿದ್ದು ಹೊಗೆ ಮತ್ತು ಬಗ್ಗಿ ಬಗ್ಗಿ ಊದೋದು. ಮುದ್ದೆಗೆ ಮಾತ್ರ ಅದೇ ಸರಿಯಾದ ಎತ್ತರ.

ಅಡುಗೆಮನೆಗೆ ದುಡ್ಡು ಬಂದಿದ್ದು ನೀರಿನ ಜೊತೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಈ ಕಡೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ರಾಗಿ ಜೊತೆ ಭತ್ತ ಬಂತು, ಕಬ್ಬು ಬಂತು. ಮನೆಗಳಿಗೆ ಹೆಂಚು ಬಂತು, ಆಮೇಲೆ ಆರ್‌ಸಿಸಿ ಬಂತು. ಆದರೆ ಅಡುಗೆಮನೆ ಮಾತ್ರ ಬಹಳ ವರ್ಷ ಹಾಗೇ ಉಳಿಯಿತು. ಪಡಸಾಲೆಗೆ ರೆಡ್‌ಆಕ್ಸೈಡ್ ನೆಲ ಹಾಕಿಸಿದವರೂ ಒಳಗೆ ಸೌದೆ ಒಲೆಯನ್ನೇ ಇಟ್ಟುಕೊಂಡರು. ಕಬ್ಬಿನ ಗರಿ, ತೆಂಗಿನ ಮಟ್ಟೆ, ರೇಷ್ಮೆ ಸಾಕುವವರಿಗೆ ಹಿಪ್ಪುನೇರಳೆ ಕಡ್ಡಿ, ಉರುವಲಿಗೆ ಕೊರತೆ ಇರಲಿಲ್ಲ. ಮನೆಗೆ ಖರ್ಚು ಮಾಡುವಾಗ ಹೊರಗಿನವರು ನೋಡೋ ಜಾಗಕ್ಕೆ ಮೊದಲು, ಹೆಂಗಸರು ದಿನವಿಡೀ ಇರೋ ಜಾಗಕ್ಕೆ ಕೊನೆಗೆ. ಇದು ಈಗಲೂ ಅಷ್ಟೊಂದು ಬದಲಾಗಿಲ್ಲ ಬಿಡಿ.

ಒಲೆ ಬಗ್ಗೆ ಗಂಭೀರವಾಗಿ ಯೋಚನೆ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ‘ಅಸ್ತ್ರ’ ಅನ್ನೋ ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡಲೆಂದೇ. ಅವರು ಹಳ್ಳಿಯಲ್ಲೇ ಇದ್ದು ಕೆಲಸ ಮಾಡಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ನಮ್ಮ ಮದ್ದೂರು ತಾಲ್ಲೂಕಿಗೆ ಅದೇನೂ ದೂರವಲ್ಲ. 1980ರ ದಶಕದಲ್ಲಿ ಅವರ ಅಸ್ತ್ರ ಒಲೆ ಊರೂರಿಗೆ ಬಂತು. ಮೂರು ಪಾತ್ರೆ ಕೂರೋ ಮಣ್ಣಿನ ಒಲೆ, ಕೆಳಗೆ ಜಾಲರಿ, ಹೊಗೆ ಹೊರಗೆ ಹಾಕಲು ಕೊಳವೆ. ಸೌದೆ ಉಳಿಯುತ್ತಿತ್ತು, ಕಣ್ಣುರಿ ತಪ್ಪುತ್ತಿತ್ತು. ಆದರೆ ಕೊಳವೆಯ ಮಸಿ ತೆಗೆಯದೆ ಬಿಟ್ಟರೆ ಹೊಗೆ ವಾಪಸ್ ಒಳಕ್ಕೇ. ಹಳೇ ಮನೆಗಳ ಚಾವಣಿ ಮೇಲೆ ಸಿಮೆಂಟ್ ಕೊಳವೆಯ ತುಂಡು ಈಗಲೂ ನಿಂತಿದ್ದರೆ ಅದು ಆ ಕಾಲದ್ದಿರಬಹುದು.

ನಿಜವಾಗಿ ಅಡುಗೆಯನ್ನು ನೆಲದಿಂದ ಎಬ್ಬಿಸಿದ್ದು ಗ್ಯಾಸ್. ಗ್ಯಾಸ್ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಆದ್ದರಿಂದ ಕಟ್ಟೆ ಬೇಕೇ ಬೇಕು. ಪೇಟೆ ಮನೆಗಳಿಗೆ ಇದು ಬೇಗ ಬಂತು, ಹಳ್ಳಿಗೆ ತಡವಾಗಿ. ಬಹಳ ಬಡವರ ಮನೆಗೆ 2016ರ ಉಜ್ವಲ, 2017ರ ರಾಜ್ಯದ ಅನಿಲಭಾಗ್ಯ ಬರೋವರೆಗೂ ಕಾಯಬೇಕಾಯಿತು. ಕಟ್ಟೆಗೆ ಮೊದಲು ಸಿಕ್ಕ ಅಗ್ಗದ ಕಲ್ಲು ಕಡಪ. ಆಂಧ್ರದ ಕಡಪ ಕಡೆಯ ಈ ಕಪ್ಪು ಕಲ್ಲು ಪದರ ಪದರವಾಗಿ ಏಳುತ್ತದೆ, ಯಂತ್ರವಿಲ್ಲದೆಯೂ ಹಲಗೆ ಸಿಗುತ್ತದೆ. ಆದ್ದರಿಂದಲೇ ಕಟ್ಟೆಗೂ ಅದೇ, ಷೆಲ್ಫಿಗೂ ಅದೇ, ಬಚ್ಚಲಿಗೂ ಅದೇ. ಆದರೆ ಅದು ಸುಣ್ಣದ ಕಲ್ಲು. ನಿಂಬೆಹಣ್ಣು, ಹುಣಸೆಹುಳಿ ಬಿದ್ದು ನಿಂತರೆ ತಿನ್ನುತ್ತದೆ, ಬಿಳಿಚಿಕೊಳ್ಳುತ್ತದೆ. ದಿನಾ ಹುಳಿ ಹಿಂಡೋ ನಮ್ಮಂಥ ಮನೆಗಳಲ್ಲಿ ಅದು ಮಂಕಾಗದೆ ಇನ್ನೇನಾಗುತ್ತದೆ?

ಗ್ರಾನೈಟ್‌ಗೆ ಆ ತೊಂದರೆ ಇಲ್ಲ. ಅದು ನಮಗೆ ಹೊಸ ಕಲ್ಲೂ ಅಲ್ಲ. ರಾಮನಗರದ ಬೆಟ್ಟಗಳನ್ನು, ಕನಕಪುರದ ಬಂಡೆಗಳನ್ನು ನೋಡಿ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ರಾಮನಗರದ ಹಳೇ ಹೆಸರೇ ಕ್ಲೋಸ್‌ಪೇಟೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಾವು ಇಪ್ಪತ್ತು ವರ್ಷಕ್ಕೇ ಹಳತಾಯಿತು ಅಂತ ಕಿತ್ತುಹಾಕೋದು ಇಂಥ ಕಲ್ಲನ್ನು! ಚಾಮರಾಜನಗರದ ಕಪ್ಪು ಕಲ್ಲು ಹೊರದೇಶಕ್ಕೂ ಹೋಗುತ್ತದೆ. ಅಂಗಡೀಲಿ ಅದನ್ನು ಬ್ಲ್ಯಾಕ್ ಗ್ರಾನೈಟ್ ಅನ್ನುತ್ತಾರೆ, ವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಬೇರೆ ಜಾತಿಯ ಕಲ್ಲು. ಇಲಕಲ್ಲಿನ ಕೆಂಪು ಕಲ್ಲು ಇನ್ನೊಂದು. ಕಟ್ಟೆ ಕಲ್ಲಾಗಲಿ ಜಲ್ಲಿಯಾಗಲಿ, ಎಲ್ಲೋ ಒಂದು ಬೆಟ್ಟ ಕರಗಿದ್ದರಿಂದಲೇ ಬಂದದ್ದು. ಪಾಂಡವಪುರದ ಬೇಬಿಬೆಟ್ಟದ ಗಣಿ ಗಲಾಟೆ ನಿಮಗೆ ನೆನಪಿರುತ್ತದೆ. ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿದ್ದೂ ಅದೇ ಆತಂಕದಿಂದ.

ಈಗ ಪೇಟೇಲಿ ಮೂರನೇ ಕಲ್ಲು ಬಂದಿದೆ, ಕ್ವಾರ್ಟ್ಜ್. ಬಿಳಿ, ಕೆನೆ, ಬೂದು, ಯಾವ ಬಣ್ಣ ಬೇಕೋ ಅದು. ಇದನ್ನು ಬೆಟ್ಟದಿಂದ ಹಲಗೆಯಾಗಿ ಕುಯ್ದು ತರುವುದಿಲ್ಲ. ಬೆಣಚುಕಲ್ಲಿನ ಪುಡಿಗೆ ಅಂಟು ಸೇರಿಸಿ, ಒತ್ತಿ, ಕಾಯಿಸಿ ಕಾರ್ಖಾನೆಯಲ್ಲಿ ಮಾಡುತ್ತಾರೆ. ಇಟಲಿಯ ಬ್ರೆಟನ್ ಕಂಪನಿ ಈ ವಿಧಾನ ತಂದದ್ದು. ಕಲೆ ಹಿಡಿಯೋದು ಕಡಿಮೆ, ನೋಡಲು ಚೆನ್ನ. ಆದರೆ ಒಳಗಿರೋ ಅಂಟು ಬಿಸಿಗೆ ಹೆದರುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಅದರ ಮೇಲೆ ಇಟ್ಟರೆ ಕಲೆಯಾಗಬಹುದು, ಬಿರುಕೂ ಬಿಡಬಹುದು. ಮುದ್ದೆ ಪಾತ್ರೆ, ಅನ್ನದ ಪಾತ್ರೆ ಇಳಿಸೋ ಮನೆಗೆ ಅದು ಹೊಂದುವ ಕಲ್ಲಲ್ಲ ಅನ್ನೋದು ನಮ್ಮ ಅಭಿಪ್ರಾಯ. ಹಾಕಿಸಿದವರು ಕೆಳಗೊಂದು ಮಣೆ ಇಡಿ.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಅದು ಕಲ್ಲು ಕುಯ್ಯುವವರದ್ದು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿತು, ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ ಅನ್ನೋದನ್ನು ನಾವೆಲ್ಲ ಶಾಲೇಲಿ ಓದಿದ್ದೇವೆ. ಬೆಂಗಳೂರಿಗೇ ಅದು ಬಂದದ್ದು 1905ರಲ್ಲಿ. ಶಾಲೇಲಿ ಹೇಳದ ಇನ್ನರ್ಧ ಹೀಗಿದೆ. ಆ ಗಣಿಯಲ್ಲಿ ಬಂಡೆ ಕೊರೆದಾಗ ಏಳೋ ಕಲ್ಲಿನ ದೂಳು ಕುಡಿದು ಕಾರ್ಮಿಕರ ಶ್ವಾಸಕೋಶ ಹಾಳಾಯಿತು. ಆ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಒಳಗೆ ಹೋಗಿ ಕೂತರೆ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ವಾಸಿ ಮಾಡೋ ಔಷಧ ಇಲ್ಲ. ಕೆಮ್ಮು, ಉಬ್ಬಸ, ತೂಕ ಇಳಿಯೋದು ನೋಡಿ ಟಿಬಿ ಅಂದುಕೊಳ್ಳೋದೂ ಉಂಟು. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆಂದೇ ನಿಯಮ ತಂದಿತು, ಇದನ್ನು ಸರ್ಕಾರಕ್ಕೆ ತಿಳಿಸಬೇಕಾದ ರೋಗ ಅಂತ ಮಾಡಿತು. ನಂತರ ಅದೇ ದಶಕದಲ್ಲಿ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಕಂಡಿತು.

ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ದೂಳು ಮುಚ್ಚಲಿಲ್ಲ. ಅದು ನಮ್ಮ ಮನೆ ಮುಂದಕ್ಕೆ ಬಂದಿದೆ. ಕಟ್ಟೆ ಹಾಕಲು ಬರೋ ಹುಡುಗರು ಜಗಲಿ ಮುಂದೆ ಹಲಗೆ ಇಟ್ಟು, ಕೈಯಲ್ಲಿ ಕಟ್ಟಿಂಗ್ ಮೆಷಿನ್ ಹಿಡಿದು ಸಿಂಕಿಗೆ ತೂತು ಹೊಡೆಯೋದನ್ನು ಎಲ್ಲರೂ ನೋಡಿದ್ದೇವೆ. ಐದು ನಿಮಿಷದಲ್ಲಿ ತಲೆ, ರೆಪ್ಪೆ, ಮೀಸೆ ಎಲ್ಲ ಬಿಳಿ. ಮುಖಕ್ಕೆ ಒಂದು ಟವೆಲ್ ಕಟ್ಟಿದ್ದರೆ ದೊಡ್ಡದು. ಟವೆಲ್ ಆ ಸಣ್ಣ ದೂಳನ್ನು ತಡೆಯುವುದಿಲ್ಲ. ಗ್ರಾನೈಟಿನಲ್ಲಿ ಈ ಸಿಲಿಕಾ ಅನ್ನೋ ಅಂಶ ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು. ಕಾರ್ಖಾನೆಯ ಕ್ವಾರ್ಟ್ಜ್‌ನಲ್ಲಿ ನೂರಕ್ಕೆ ತೊಂಬತ್ತರವರೆಗೂ, ಕೆಲವದರಲ್ಲಿ ಅದಕ್ಕಿಂತ ಹೆಚ್ಚೂ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಅಡುಗೆಕಟ್ಟೆ ಕುಯ್ಯುವ ಎಳೇ ವಯಸ್ಸಿನವರಿಗೇ ಕಾಯಿಲೆ ಬಂದು, ಕೊನೆಗೆ 2024ರ ಜುಲೈ 1ರಿಂದ ಆ ದೇಶ ಇಂಥ ಕೃತಕ ಕಲ್ಲನ್ನೇ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ನಮ್ಮಲ್ಲಿ ಅದೇ ಕಲ್ಲು ಈಗಷ್ಟೇ ಅಂತಸ್ತಿನ ಗುರುತಾಗುತ್ತಿದೆ.

ದೂಳಿಗೆ ಉಪಾಯ ಇಲ್ಲದೇ ಇಲ್ಲ. ಬ್ಲೇಡಿಗೆ ನೀರು ಬಿಡುತ್ತಾ ಕುಯ್ದರೆ ದೂಳು ಬಹುಪಾಲು ಕೆಸರಾಗಿ ಕೆಳಗೇ ಉಳಿಯುತ್ತದೆ. ಸಿಂಕು, ಒಲೆಯ ಅಳತೆ ಮೊದಲೇ ಕೊಟ್ಟು ನೀರಿನ ಯಂತ್ರ ಇರೋ ಅಂಗಡಿಯಲ್ಲೇ ಕುಯ್ಸಿ ತಂದರೆ ಮನೆ ಹತ್ತಿರ ಕುಯ್ಯೋದು ಕಡಿಮೆಯಾಗುತ್ತದೆ. ಒಂದು ದಿನ ತಡವಾಗುತ್ತದೆ, ಸ್ವಲ್ಪ ದುಡ್ಡು ಹೆಚ್ಚಾಗುತ್ತದೆ. ಲಕ್ಷಗಟ್ಟಲೆ ಸುರಿದು ಮನೆ ಮಾಡುವವರು ಆ ಇನ್ನೊಂದಿಷ್ಟಕ್ಕೆ ಜಗ್ಗಾಡೋದು ನ್ಯಾಯವಲ್ಲ. ಕೆಲಸಕ್ಕೆ ಬಂದ ಹುಡುಗರು ಬಿಹಾರದವರೋ, ರಾಜಸ್ಥಾನದವರೋ, ನಮ್ಮ ಪಕ್ಕದೂರಿನವರೋ, ದೂಳಿಗೆ ಆ ಭೇದ ಇಲ್ಲ. ಈ ಕೆಲಸ ಮಾಡುವವರು ನಮ್ಮ ಓದುಗರಲ್ಲೂ ಇರಬಹುದು. ಅವರಿಗೆ ಒಂದು ಮಾತು: ಆಸ್ಪತ್ರೆಗೆ ಕೆಮ್ಮು ತೋರಿಸಲು ಹೋದಾಗ ಕಲ್ಲು ಕುಯ್ಯೋ ಕೆಲಸ ಎಂದು, ಎಷ್ಟು ವರ್ಷದಿಂದ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸದವರು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಿ.

ಇನ್ನು ಕಟ್ಟೆಯ ಎತ್ತರ. ಸಾಮಾನ್ಯವಾಗಿ ಎರಡೂಮುಕ್ಕಾಲು ಅಡಿ ಆಸುಪಾಸು ಕಟ್ಟುತ್ತಾರೆ. ಅಳತೆ ಹೇಳೋದು ಮೇಸ್ತ್ರಿ, ತಲೆಯಾಡಿಸೋದು ಯಜಮಾನ, ನಿಂತು ಬೇಯಿಸೋದು ಇನ್ನೊಬ್ಬರು. ಕಟ್ಟೆ ಮೇಲೆ ಒಲೆ, ಒಲೆ ಮೇಲೆ ಪಾತ್ರೆ, ಪಾತ್ರೆ ಮೇಲೆ ದೊಣ್ಣೆ. ಐದಡಿ ಎತ್ತರದ ಹೆಂಗಸಿನ ಕೈ ಅಷ್ಟು ಹೊತ್ತಿಗೆ ಭುಜ ದಾಟಿರುತ್ತದೆ. ಆದ್ದರಿಂದ ಹೊಳೆಯೋ ಕಟ್ಟೆ ಇರೋ ಮನೆಯಲ್ಲೂ ಮುದ್ದೆ ಪಾತ್ರೆ ನೆಲಕ್ಕೇ ಇಳಿಯುತ್ತದೆ. ತಿರುವಿದ ಮೇಲೆ ಗ್ರಾನೈಟಿಗೆ ನೀರು ಚಿಮುಕಿಸಿ ಅದರ ಮೇಲೆ ಮುದ್ದೆ ಕಟ್ಟುತ್ತಾರೆ. ಕೆಲವರು ಹಿತ್ತಲಲ್ಲಿ ಒಂದು ಸೌದೆ ಒಲೆ ಉಳಿಸಿಕೊಂಡಿದ್ದಾರೆ, ನೆಂಟರು ಬಂದ ದಿನ ಬಾಡೂಟಕ್ಕೂ ಅದೇ. ಕಟ್ಟೆ ಕಿತ್ತು ಹೊಸದು ಹಾಕಿಸೋರು ಅಡುಗೆ ಮಾಡುವವರನ್ನೇ ನಿಲ್ಲಿಸಿ ಮೊಣಕೈ ಅಳತೆ ತೆಗೆಯಿರಿ. ಮೊಣಕೈಗಿಂತ ಒಂದು ಗೇಣು ಕೆಳಗೆ ಒಲೆಯ ಕಟ್ಟೆ ಬಂದರೆ ಭುಜಕ್ಕೆ ಸುಖ. ಮುದ್ದೆಗೆ ಅಂತಲೇ ಮೂಲೇಲಿ ಒಂದಡಿ ಎತ್ತರದ ಸಣ್ಣ ಕಲ್ಲು ಹಾಕಿಸಿದರೂ ತಪ್ಪಿಲ್ಲ.

ಕಿತ್ತ ಕಲ್ಲೇನಾಗುತ್ತದೆ? ಒರಳು, ಬೀಸೋ ಕಲ್ಲುಗಳಲ್ಲಿ ಕೆಲವು ರಾಮನಗರದ ಜಾನಪದ ಲೋಕ ಸೇರಿವೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲ ತಾಲ್ಲೂಕಿನವರೇ. ನಾವು ಹಿತ್ತಲಿಗೆ ಎಸೆದದ್ದನ್ನು ಈಗ ಅಲ್ಲಿ ಟಿಕೆಟ್ ಕೊಟ್ಟು ನೋಡುತ್ತೇವೆ. ಕಡಪ ಹಲಗೆಗೆ ಇನ್ನೂ ಆ ಭಾಗ್ಯ ಬಂದಿಲ್ಲ, ಆದರೆ ಅದು ಸುಮ್ಮನೆ ಬಿದ್ದಿರುವುದೂ ಇಲ್ಲ. ಒಂದು ತುಂಡು ಬೋರ್‌ವೆಲ್ ಪಕ್ಕ ಬಟ್ಟೆ ಒಗೆಯೋ ಕಲ್ಲಾಗುತ್ತದೆ, ಒಂದು ಕೊಟ್ಟಿಗೆ ಬಾಗಿಲಿಗೆ ಮೆಟ್ಟಿಲಾಗುತ್ತದೆ, ಇನ್ನೊಂದು ಚರಂಡಿ ಮೇಲೆ ಮುಚ್ಚಳವಾಗಿ ಬೀಳುತ್ತದೆ. ಒರಳುಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತಿರುತ್ತದೆ, ಕೋಳಿಗಳು ಕುಡಿಯುತ್ತವೆ.