ಮೈಲಿಗೆಯಾದ ವರ್ಚುವಲ್ ಮಷಿನ್

ಮೊನ್ನೆ ಹಳೇ ಲಾಗ್ ಫೈಲೊಂದನ್ನು ಕೆದಕುವಾಗ ಆ ಸಾಲು ಮತ್ತೆ ಕಣ್ಣಿಗೆ ಬಿತ್ತು. ನನ್ನ ವರ್ಚುವಲ್ ಮಷಿನ್ ‘ಟೇಂಟೆಡ್’, ಕಾರಣ ‘ಕಸ್ಟಮ್-ಆರ್ಗ್‌ವಿ’ ಅಂತ. ನಮ್ಮಜ್ಜಿ ಭಾಷೇಲಿ ಹೇಳೋದಾದ್ರೆ ಮೈಲಿಗೆ! ಇದಕ್ಕೊಂದು ಇತಿಹಾಸವಿದೆ.

2005ರ ಕೊನೆಗೆ ರೆಡ್ ಹ್ಯಾಟ್‌ನ ಡೇನಿಯಲ್ ವೇಯಾರ್ (ಲಿಬ್‌ಎಕ್ಸ್‌ಎಂಎಲ್ ಬರೆದವರೂ ಇವರೇ, ಹಾಗಾಗಿ ಇಲ್ಲೂ ಎಲ್ಲೆಲ್ಲೂ ಎಕ್ಸ್‌ಎಂಎಲ್) ಲಿಬ್‌ವಿರ್ಟ್ ಶುರು ಮಾಡಿದಾಗ ಅದಕ್ಕೆ ಬರ್ತಿದ್ದದ್ದು ಝೆನ್ ಭಾಷೆ ಒಂದೇ. 2007ರಲ್ಲಿ ಕೆವಿಎಂ ಲಿನಕ್ಸ್ 2.6.20 ಕರ್ನಲ್ ಸೇರಿತು. ಅದೇ ವರ್ಷ ಲಿಬ್‌ವಿರ್ಟ್ ಕ್ಯೂಎಮು ಭಾಷೆಯನ್ನೂ ಕಲಿಯಿತು. ತಾಪತ್ರಯ ಶುರುವಾಗಿದ್ದೇ ಆಗ. ಎಲ್ಲ ಹೈಪರ್‌ವೈಸರ್‌ಗೂ ಒಂದೇ ಮಾತು ಅಂದಮೇಲೆ, ಒಂದರಲ್ಲಿ ಮಾತ್ರ ಇರೋ ಸೌಲಭ್ಯವನ್ನ ಕೇಳೋದು ಹೇಗೆ?

2010ರ 0.8.3 ಆವೃತ್ತಿಯಲ್ಲಿ ಸಿಕ್ಕ ಉತ್ತರ ನನಗೆ ಇವತ್ತಿಗೂ ಇಷ್ಟ. ಮುಂಬಾಗಿಲು ಹಾಗೇ ಬಿಟ್ಟು ಹಿತ್ತಲ ಬಾಗಿಲು ತೆರೆದರು. ಎಕ್ಸ್‌ಎಂಎಲ್‌ನಲ್ಲಿ ಬೇರೆಯೇ ನೇಮ್‌ಸ್ಪೇಸ್ ಹಾಕಿ ಕ್ಯೂಎಮುಗೆ ಬೇಕಾದ ಆಯ್ಕೆ ಬರೀಬಹುದು. ಅದರ ಮಾನಿಟರ್‌ಗೆ ನೇರ ಆಜ್ಞೆ ಕೊಡಬೇಕಾ? ಅದಕ್ಕೂ ದಾರಿ ಇದೆ, ಆದರೆ ಮುಖ್ಯ ಲೈಬ್ರರಿಯಲ್ಲಲ್ಲ, ‘ಲಿಬ್‌ವಿರ್ಟ್-ಕ್ಯೂಎಮು’ ಅನ್ನೋ ಪ್ರತ್ಯೇಕ ಲೈಬ್ರರಿಯಲ್ಲಿ. ಹೋದವರಿಗೆ ಬೆಂಬಲದ ಭರವಸೆ ಇಲ್ಲ. ಆಮೇಲಾಮೇಲೆ ಲಾಗ್‌ನಲ್ಲಿ ಮೈಲಿಗೆ ಅಂತ ಬರೆದಿಡೋದೂ ಶುರುವಾಯ್ತು.

ನಾನು ಹಿತ್ತಲಿಗೆ ಹೋಗಿದ್ದು ಗ್ರಾಫಿಕ್ಸ್ ಕಾರ್ಡಿಗಾಗಿ. ಎನ್‌ವಿಡಿಯಾದ ಜಿಫೋರ್ಸ್ ಡ್ರೈವರ್ ಆಗ ವರ್ಚುವಲ್ ಮಷಿನ್ ಅಂತ ಗೊತ್ತಾದ್ರೆ ವಿಂಡೋಸ್‌ನಲ್ಲಿ ‘ಕೋಡ್ 43’ ಅಂದು ಕೂತುಬಿಡ್ತಿತ್ತು. ಎಲ್ಲರ ಹಾಗೆ ನಾನೂ ಸಿಪಿಯು ಆಯ್ಕೆಯಲ್ಲಿ ‘ಕೆವಿಎಂ=ಆಫ್’ ತುರುಕಿದೆ. ಕೆಲಸ ಆಯ್ತು... ಆದರೆ ಹಾಗೆ ತುರುಕಿದ್ದರ ಅರ್ಥ ಲಿಬ್‌ವಿರ್ಟ್‌ಗೆ ಗೊತ್ತಿರೋದಿಲ್ಲ. ತಿಂಗಳುಗಳಾದ ಮೇಲೆ ನಾನು ಎಕ್ಸ್‌ಎಂಎಲ್‌ನಲ್ಲಿ ಸಿಪಿಯು ಮಾದರಿ ಬದಲಿಸಿದೆ. ಒಳಗೆ ಏನೂ ಬದಲಾಗಲಿಲ್ಲ! ಕೊನೆಯಲ್ಲಿ ಬರೋ ನನ್ನ ಸಾಲೇ ಗೆಲ್ತಿತ್ತು. ಒಂದಿಡೀ ರಾತ್ರಿ ಲಿಬ್‌ವಿರ್ಟನ್ನ ಬೈದೆ, ತಪ್ಪು ನನ್ನದೇ.

2014ರ 1.2.8 ಆವೃತ್ತಿಯಲ್ಲಿ ಕೆವಿಎಂ ಬಚ್ಚಿಡೋದಕ್ಕೆ ಎಕ್ಸ್‌ಎಂಎಲ್‌ನಲ್ಲೇ ಪುಟ್ಟ ಟ್ಯಾಗ್ ಬಂತು, ಅಂದ್ರೆ ಹಿತ್ತಲಲ್ಲಿದ್ದದ್ದು ಜಗುಲಿಗೆ ಬಂತು. 2021ರಲ್ಲಿ ಎನ್‌ವಿಡಿಯಾನೇ ಆ ತಡೆ ತೆಗೆದು, ಬಚ್ಚಿಡೋ ಅಗತ್ಯವೇ ಹೋಯ್ತು. ನನ್ನ ಫೈಲಿಂದ ಆ ಸಾಲು ಅಳಿಸಿದ್ದು ಮಾತ್ರ ಮೊನ್ನೆ :-)