ಮಟ್ಟಿನ ಋಣ

ಹಾಡು ಕಟ್ಟುವವನು ಇನ್ನೊಬ್ಬರು ಸಿದ್ಧಪಡಿಸಿಟ್ಟ ಸಾಮಗ್ರಿಯನ್ನು ಬಳಸುವುದು ಸರಿಯೇ ಎಂಬ ಪ್ರಶ್ನೆ ಈಗ ಮತ್ತೆ ಎದ್ದಿದೆ. ಕಂಪ್ಯೂಟರಿನ ಮುಂದೆ ಕುಳಿತು ಸಂಗೀತ ರಚಿಸುವ ತರುಣರು ‘ಲೂಪ್’ ಎಂಬ ಸಿದ್ಧ ತುಣುಕುಗಳನ್ನು ಬಳಸುತ್ತಾರೆ. ನಾಲ್ಕು ಆವರ್ತನೆಗಳ ಡ್ರಮ್ಮಿನ ಬಡಿತ, ಒಂದೆಳೆ ಕೊಳಲು, ಗಿಟಾರಿನ ಒಂದು ತುಂಡು ಹೀಗೆ ಯಾರೋ ನುಡಿಸಿ ಮುದ್ರಿಸಿಟ್ಟಿದ್ದನ್ನು ತಂದು ಒಂದರ ಹಿಂದೊಂದು ಜೋಡಿಸಿದರೆ ಹಾಡಿನ ತಳಪಾಯ ಸಿದ್ಧವಾಗುತ್ತದೆ. ಇದು ಕಡ ತಂದ ಒಡವೆ ತೊಟ್ಟು ಮದುವೆಗೆ ಹೋದ ಹಾಗೆ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಮನೆ ಕಟ್ಟುವವನು ಇಟ್ಟಿಗೆಯನ್ನೂ ತಾನೇ ಸುಡಬೇಕೇ ಎಂದು ಕಿರಿಯರು ಕೇಳುತ್ತಾರೆ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಈ ವಾದದಲ್ಲಿ ತೀರ್ಪು ಕೊಡುವ ಮೊದಲು ಒಂದಿಷ್ಟು ಹಿಂದಿರುಗಿ ನೋಡಬೇಕು. ಇದೇ ಊರಿನ ಸಂಗೀತ ರಂಗಭೂಮಿ ಎದ್ದು ನಿಂತದ್ದು ಎರವಲು ಮಟ್ಟುಗಳ ಮೇಲೆ. ಆ ಎರವಲಿನಲ್ಲಿ ಕನ್ನಡದ ಪಾಲೂ ಇತ್ತು.

ಕಥೆ 1843ರಿಂದ ಆರಂಭವಾಗುತ್ತದೆ. ಅದಕ್ಕೆ ತುಸು ಮೊದಲು ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಯ ದರಬಾರಿನಲ್ಲಿ ಆಟ ಆಡಿ ತೋರಿಸಿತ್ತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಅಂಥದನ್ನು ಮರಾಠಿಯಲ್ಲಿ ಮಾಡುವಂತೆ ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಹೀಗೆ ‘ಸೀತಾ ಸ್ವಯಂವರ’ ಹುಟ್ಟಿತು. ಮರಾಠಿ ರಂಗಭೂಮಿ ತನ್ನ ಜನ್ಮದಿನವೆಂದು ಆಚರಿಸುವುದು ಈ ಪ್ರಯೋಗದ ದಿನವಾದ ನವೆಂಬರ್ 5ನ್ನೇ. ಆದರೆ ಭಾವೆಯವರ ಆಟದಲ್ಲಿ ಹಾಡುವ ಹೊಣೆಯೆಲ್ಲ ಸೂತ್ರಧಾರನದು. ಪಾತ್ರಗಳು ಕುಣಿದು ಮಾತಾಡುತ್ತಿದ್ದವು.

ಅದೇ 1843ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರರು ಹುಟ್ಟಿದರು. ಅಣ್ಣಾಸಾಹೇಬರೆಂದು ಹೆಸರಾದ ಅವರ ಮನೆಮಾತು ಮರಾಠಿ, ಊರಮಾತು ಕನ್ನಡ. ಶ್ರೀಕೃಷ್ಣ ಪಾರಿಜಾತದಂಥ ಆಟಗಳು ರಾತ್ರಿಯಿಡೀ ನಡೆಯುವ ಸೀಮೆ ಅದು. ಅಂಥ ಸೀಮೆಯಲ್ಲಿ ಬೆಳೆದವರು 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳನ್ನು ಆಡಿಸಿದರು. ಇಲ್ಲಿ ಪಾತ್ರಗಳು ತಾವೇ ಹಾಡಿದವು. ಎರಡು ವರ್ಷಗಳ ನಂತರ, 1882ರಲ್ಲಿ, ‘ಸಂಗೀತ ಸೌಭದ್ರ’ ಬಂತು. ಮರಾಠಿ ನಾಟ್ಯಸಂಗೀತವೆಂಬ ದೊಡ್ಡ ಪರಂಪರೆಗೆ ಈ ಎರಡು ನಾಟಕಗಳೇ ಅಡಿಗಲ್ಲು.

ಆ ಹಾಡುಗಳ ಧಾಟಿಗಳು ಎಲ್ಲಿಂದ ಬಂದವು? ಅಣ್ಣಾಸಾಹೇಬರು ಅವುಗಳನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ಕೀರ್ತನಕಾರರ ಸಾಕಿ, ದಿಂಡಿಗಳನ್ನು ತೆಗೆದುಕೊಂಡರು. ಲಾವಣಿಯ ಚಾಲುಗಳನ್ನು ತೆಗೆದುಕೊಂಡರು. ಹಿಂದೂಸ್ತಾನಿ ಚೀಜುಗಳನ್ನು ಬಳಸಿದರು. ಇವುಗಳ ಜೊತೆಗೆ, ತಮ್ಮ ಸೀಮೆಯಲ್ಲಿ ಕಿವಿಗೆ ಬಿದ್ದಿದ್ದ ಕನ್ನಡ ಹಾಡುಗಳ ಮಟ್ಟುಗಳನ್ನೂ ತಂದರು. ಮೊದಲು ಮಟ್ಟು, ಆಮೇಲೆ ಅದರ ಅಳತೆಗೆ ಕೂಡುವ ಮಾತು, ಇದು ಕ್ರಮ. ಜನರಿಗೆ ಮೊದಲೇ ಪರಿಚಯವಿದ್ದ ಧಾಟಿಯಾದ್ದರಿಂದ ಹೊಸ ಮಾತು ಬೇಗ ಬಾಯಿಗೆ ಹತ್ತುತ್ತಿತ್ತು. ನಾಟಕ ಮುಗಿಸಿ ಮನೆಗೆ ನಡೆಯುವಾಗಲೇ ಪ್ರೇಕ್ಷಕ ಅದನ್ನು ಗುನುಗುತ್ತಿದ್ದ.

ಮುಂದಿನವರೂ ಇದೇ ದಾರಿ ಹಿಡಿದರು. 1896ರ ‘ವೀರತನಯ’ದಲ್ಲಿ ಶ್ರೀಪಾದ ಕೃಷ್ಣ ಕೋಲ್ಹಟಕರರು ಪಾರಸಿ ರಂಗಭೂಮಿಯ ಚಾಲುಗಳನ್ನು ತಂದರು. 1911ರಲ್ಲಿ ಖಾಡಿಲಕರರ ‘ಮಾನಾಪಮಾನ’ಕ್ಕೆ ಗೋವಿಂದರಾವ್ ಟೇಂಬೆಯವರು ಉತ್ತರ ಭಾರತದ ಠುಮರಿ, ದಾದರಾಗಳ ಧಾಟಿಗಳನ್ನು ಹೊಂದಿಸಿದರು. 1916ರ ‘ಸ್ವಯಂವರ’ಕ್ಕೆ ಭಾಸ್ಕರಬುವಾ ಬಖಲೆಯವರು ಖಯಾಲಿನ ಬಂದಿಶುಗಳನ್ನು ಕೊಟ್ಟರು. ಬಾಲಗಂಧರ್ವರು ಈ ಪದಗಳನ್ನು ಹಾಡಿದಾಗ ಇದು ಎಲ್ಲಿಯದೋ ಸಿದ್ಧ ಧಾಟಿ ಎಂದು ಯಾರೂ ತಿರಸ್ಕರಿಸಲಿಲ್ಲ. ಧಾಟಿ ಕಟ್ಟಡದ ಪಾಯವಾಗಿತ್ತು. ಅದರ ಮೇಲೆ ಎಬ್ಬಿಸಿದ ಮಹಡಿ ಅವರದಾಗಿತ್ತು. ಎಲ್ಲ ಎರವಲೂ ಇಷ್ಟು ಚೆನ್ನಾಗಿ ಕೂಡಿತೆಂದಲ್ಲ. ಸನ್ನಿವೇಶದ ರಸ ಒಂದು, ಚಾಲಿನ ಕುಣಿತ ಇನ್ನೊಂದು ಆದಾಗ ರಸಿಕರು ಆಕ್ಷೇಪಿಸಿದ್ದೂ ಉಂಟು. ಆದರೆ ಆ ಆಕ್ಷೇಪ ತಂದದ್ದಕ್ಕಲ್ಲ, ಹೊಂದಿಸದೆ ಇದ್ದುದಕ್ಕೆ.

ಹೀಗೆ ಹೋದದ್ದು ಅಲ್ಲಿಯೇ ಉಳಿಯಲಿಲ್ಲ, ತಿರುಗಿ ಬಂತು. ಉತ್ತರ ಕರ್ನಾಟಕದ ಊರುಗಳಲ್ಲಿ ಮರಾಠಿ ಕಂಪನಿಗಳು ಬೀಡುಬಿಟ್ಟು ಜನರನ್ನು ಸೆಳೆಯುತ್ತಿದ್ದಾಗ, ಕನ್ನಡಕ್ಕೂ ರಂಗಭೂಮಿ ಬೇಕೆಂದು ಗದಗಿನಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಟೊಂಕ ಕಟ್ಟಿದರು. ಮುಂದೆ ವಾಮನರಾವ್ ಮಾಸ್ತರರ ಕಂಪನಿಯಂಥವು ಬೆಳೆದವು. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿ ಬಣ್ಣ ಹಚ್ಚಿದ್ದು ಆ ಕಂಪನಿಯಲ್ಲಿಯೇ. ಕನ್ನಡ ಕಂಪನಿಗಳು ಮರಾಠಿ ನಾಟ್ಯಪದಗಳ ಮಟ್ಟಿಗೆ ಕನ್ನಡ ಮಾತು ಹೊಂದಿಸಿ ಹಾಡಿಸಿದವು. ಇತ್ತ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದಲ್ಲಿ ಹೆಸರು ಮಾಡಿದರು. ಬೀಳಗಿಯ ಗೋಹರಬಾಯಿ ಬಾಲಗಂಧರ್ವರ ಗಾಯಕಿಯನ್ನೇ ತಮ್ಮದಾಗಿಸಿಕೊಂಡು ಅವರ ಮಂಡಳಿಯನ್ನು ಸೇರಿದರು. ಮಲಪ್ರಭೆಯ ದಂಡೆಯಿಂದ ಮುಠಾ ನದಿಯ ದಂಡೆಗೆ, ಅಲ್ಲಿಂದ ಮರಳಿ ಮಲಪ್ರಭೆಗೆ ಮಟ್ಟುಗಳು ಹೋಗಿ ಬಂದು ಮಾಡಿದವು. ಈ ವ್ಯವಹಾರದಲ್ಲಿ ಎರಡೂ ಭಾಷೆಗಳು ಶ್ರೀಮಂತವಾದವೇ ಹೊರತು ಯಾವುದೂ ಬಡವಾಗಲಿಲ್ಲ.

ಹಾಗಾದರೆ ಲೂಪ್ ಬಳಸುವ ತರುಣನಿಗೂ ಇದೇ ನ್ಯಾಯವೇ? ಇಲ್ಲಿ ನಾವು ತುಸು ನಿಧಾನಿಸಬೇಕು.

ಲೂಪಿನ ಹುಟ್ಟೂ ಹಳೆಯದೇ. 1948ರಲ್ಲಿ ಪ್ಯಾರಿಸಿನ ರೇಡಿಯೋ ಕೇಂದ್ರದಲ್ಲಿ ಪಿಯರ್ ಶೆಫರ್ ಎಂಬವರು ಗ್ರಾಮೋಫೋನ್ ತಟ್ಟೆಯ ಗೀರನ್ನು ಸುರುಳಿಯಾಗಿ ಬಿಡದೆ ವೃತ್ತವಾಗಿ ಮುಚ್ಚಿದರು. ಮುಳ್ಳು ಅದೇ ವೃತ್ತದಲ್ಲಿ ತಿರುಗಿ ಒಂದೇ ಸದ್ದನ್ನು ಮತ್ತೆ ಮತ್ತೆ ನುಡಿಯಿತು. ಆಮೇಲೆ ಟೇಪಿನ ತುದಿಗಳನ್ನು ಅಂಟಿಸಿ ಮಾಲೆ ಮಾಡಿದರು. 1998ರಲ್ಲಿ ‘ಆ್ಯಸಿಡ್’ ಎಂಬ ತಂತ್ರಾಂಶ ಬಂತು. ಅದು ಬೇರೆ ಬೇರೆ ಲಯದ ತುಣುಕುಗಳನ್ನು ಹಿಗ್ಗಿಸಿ ಕುಗ್ಗಿಸಿ ಒಂದೇ ಲಯಕ್ಕೆ ತರುತ್ತಿತ್ತು. 2004ರಲ್ಲಿ ಆ್ಯಪಲ್ ಕಂಪನಿಯ ‘ಗ್ಯಾರೇಜ್‌ಬ್ಯಾಂಡ್’ ಬಂದ ಮೇಲೆ ಲೂಪುಗಳ ಭಂಡಾರವೇ ಮನೆಮನೆಯ ಕಂಪ್ಯೂಟರಿಗೆ ಇಳಿಯಿತು. 2007ರಲ್ಲಿ ಜಗತ್ತನ್ನೆಲ್ಲ ಕುಣಿಸಿದ ರಿಹಾನಾಳ ‘ಅಂಬ್ರೆಲಾ’ ಹಾಡಿನ ಡ್ರಮ್ಮು ಆ ಭಂಡಾರದ ‘ವಿಂಟೇಜ್ ಫಂಕ್ ಕಿಟ್ 03’ ಎಂಬ ತುಣುಕೇ. ಅದು ಯಾರ ಕೈಗಾದರೂ ಸಿಗುವಂಥದು. ಆದರೆ ಅದರಿಂದ ಆ ಹಾಡು ಕಟ್ಟಿದವರು ಕೆಲವರೇ.

ಪುನರಾವರ್ತನೆ ನಮಗೂ ಹೊಸದಲ್ಲ. ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂ ಇಲ್ಲವೆ ಸಾರಂಗಿಯವರು ಒಂದೇ ಆವರ್ತನೆಯ ಲೆಹರಾವನ್ನು ಮುಕ್ಕಾಲು ಗಂಟೆ ನುಡಿಸುತ್ತಾರೆ. ಅದನ್ನು ಸೋಮಾರಿತನವೆಂದು ಯಾರೂ ಕರೆಯುವುದಿಲ್ಲ. ಕಾಲದ ಅಳತೆಗೋಲು ಅದು. ಅದು ಸ್ಥಿರವಾಗಿರುವುದರಿಂದಲೇ ತಬಲಾದವನು ಸ್ವತಂತ್ರ.

ಆದರೂ ಮಟ್ಟಿಗೂ ಲೂಪಿಗೂ ಒಂದು ಮುಖ್ಯ ಅಂತರವಿದೆ. ಮಟ್ಟು ಒಂದು ಆಕಾರ ಮಾತ್ರ. ಅದನ್ನು ತಂದವನು ತನ್ನ ಕಂಠದಿಂದಲೇ ಹಾಡಬೇಕು. ‘ದೇವ’ ಎಂಬ ಶಬ್ದ ಮರಾಠಿಯ ಆಡುಮಾತಿನಲ್ಲಿ ‘ದೇವ್’ ಎಂದು ವ್ಯಂಜನದಲ್ಲಿ ನಿಲ್ಲುತ್ತದೆ, ಕನ್ನಡದಲ್ಲಿ ಸ್ವರದಲ್ಲಿ ಮುಗಿಯುತ್ತದೆ. ಭಾಷೆ ಬದಲಾದೊಡನೆ ಮಟ್ಟಿನ ಮಾತ್ರೆಗಳು ಜರುಗಬೇಕು, ಎಳೆತ ಬದಲಾಗಬೇಕು. ಹೀಗೆ ಬಾಯಿಂದ ಬಾಯಿಗೆ ದಾಟುವಾಗ ಮಟ್ಟು ಬಲವಂತವಾಗಿಯಾದರೂ ಹೊಸದಾಗುತ್ತಿತ್ತು. ಲೂಪ್ ಹಾಗಲ್ಲ. ಅದು ಇನ್ನೊಬ್ಬನ ಕೈ, ಇನ್ನೊಬ್ಬನ ಉಸಿರು, ಒಂದು ದಿನ ಒಂದು ಕೋಣೆಯಲ್ಲಿ ನುಡಿದದ್ದು ನುಡಿದ ಹಾಗೆಯೇ. ಅದನ್ನು ಹೊಸದು ಮಾಡುವ ಹೊಣೆಯನ್ನು ಬಳಸುವವನು ತಾನಾಗಿ ಹೊರಬೇಕು. ಹೊರದಿದ್ದರೂ ಹಾಡು ನಡೆದುಹೋಗುತ್ತದೆ. ಅಪಾಯವಿರುವುದು ಇಲ್ಲಿ.

ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. 1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡದ ‘ಆಮೆನ್, ಬ್ರದರ್’ ಎಂಬ ತಟ್ಟೆಯಲ್ಲಿ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ ವಾದಕರು ಸುಮಾರು ಏಳು ಸೆಕೆಂಡು ಒಂಟಿಯಾಗಿ ನುಡಿಸಿದ್ದರು. 1980ರ ದಶಕದಿಂದೀಚೆಗೆ ಆ ಏಳು ಸೆಕೆಂಡುಗಳನ್ನು ಕತ್ತರಿಸಿ ಸಾವಿರಾರು ಹಾಡುಗಳಿಗೆ ಹಾಕಿದರು. ಸಂಗೀತದ ಒಂದೆರಡು ಪಂಥಗಳೇ ಅದರ ಮೇಲೆ ನಿಂತವು. ಕೋಲ್ಮನ್ನರಿಗೆ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರರಿಗೆ 24,000 ಪೌಂಡು ಒಪ್ಪಿಸಿದರು. ನುಡಿಸಿದ ಕೈಗೆ ಅದು ತಲುಪುವಂತಿರಲಿಲ್ಲ. ಇಂದಿನ ಭಂಡಾರಗಳ ಲೂಪುಗಳನ್ನು ಹಣ ತೆತ್ತು ಪರವಾನಗಿಯೊಡನೆ ಪಡೆಯುವುದರಿಂದ ಕಳ್ಳತನದ ಮಾತು ಬರುವುದಿಲ್ಲ, ನಿಜ. ಆದರೆ ನುಡಿಸಿದವರ ಹೆಸರು ಹೇಳಬೇಕೆಂಬ ಕಟ್ಟಳೆ ಅಂಥ ಪರವಾನಗಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾನೂನಿನ ಲೆಕ್ಕ ತೀರುತ್ತದೆ, ಋಣ ತೀರುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹಳೆಯ ನಾಟಕದ ಪುಸ್ತಕಗಳಿಂದ ಕಲಿಯುವುದಿದೆ. ಮರಾಠಿ ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ‘ಚಾಲ’ ಎಂದು, ಕನ್ನಡ ಪುಸ್ತಕದಲ್ಲಿ ‘ಎಂಬ ಮಟ್ಟು’ ಎಂದು ಮೂಲ ಹಾಡಿನ ಮೊದಲ ಮಾತುಗಳನ್ನು ಅಚ್ಚು ಹಾಕುತ್ತಿದ್ದರು. ಹಾಡುವವನಿಗೆ ಗುರುತು ಸಿಗಲೆಂಬುದು ಅದರ ಉದ್ದೇಶ. ಆದರೆ ಆ ಒಂದು ಸಾಲು ತಿಳಿಯದೆಯೇ ಒಂದು ಧರ್ಮವನ್ನೂ ಪಾಲಿಸಿತು: ‘ಇದು ನನ್ನದಲ್ಲ, ಇಂಥದರಿಂದ ಬಂದದ್ದು’ ಎಂದು ಮುಚ್ಚುಮರೆಯಿಲ್ಲದೆ ಸಾರಿತು. ಮಟ್ಟುಗಳ ಪ್ರಯಾಣವನ್ನು ಇಂದು ನಾವು ಗುರುತಿಸಬಲ್ಲೆವಾದರೆ ಅದಕ್ಕೆ ಆ ಸಣ್ಣ ಅಕ್ಷರದ ಸಾಲುಗಳೇ ಕಾರಣ. ಗ್ರಾಮೋಫೋನ್ ತಟ್ಟೆಯ ಪುಟ್ಟ ಚೀಟಿಯಲ್ಲಿ ಆ ಸಾಲಿಗೆ ಜಾಗ ಸಿಗಲಿಲ್ಲ. ಗಾಯಕರ ಹೆಸರು ಉಳಿಯಿತು, ಮಟ್ಟಿನ ಊರು ಅಳಿಯಿತು. ಹಳೆಯ ಸಾಲಿನಲ್ಲೂ ಹಾಡಿನ ಗುರುತಿತ್ತೇ ಹೊರತು, ಅದನ್ನು ಮೊದಲು ಹಾಡಿದ ಹೆಣ್ಣುಮಕ್ಕಳ, ಮೇಳದವರ ಹೆಸರಿಗೆ ಎಡೆಯಿರಲಿಲ್ಲ. ಇಂದು ಸಾವಿರಾರು ಮರಾಠಿ ಮನೆಗಳಲ್ಲಿ ಗುನುಗುವ ಧಾಟಿಗಳಲ್ಲಿ ಕೆಲವು ಕನ್ನಡನಾಡಿನಿಂದ ಬಂದವು ಎಂಬುದು ಕೇಳುವವರಿಗೂ ತಿಳಿದಿಲ್ಲ, ನಮ್ಮ ಮಕ್ಕಳಿಗೂ ತಿಳಿದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಸಿದ್ಧ ಲೂಪನ್ನು ಬಳಸಬಾರದೆಂದು ತರುಣರಿಗೆ ಹೇಳುವ ಅಧಿಕಾರ, ‘ಸೌಭದ್ರ’ದ ಪದ ಕೇಳಿ ತಲೆದೂಗುವ ನಮಗೆ ಇಲ್ಲ. ಆದರೆ ಎರಡು ಮಾತು ಹೇಳಬಹುದು. ಒಂದು, ತಂದದ್ದನ್ನು ತಂದ ಹಾಗೆಯೇ ಬಿಡಬೇಡಿ. ಅಣ್ಣಾಸಾಹೇಬರ ನಟರು ಮಟ್ಟನ್ನು ತಮ್ಮ ಕಂಠಕ್ಕೆ ಬಗ್ಗಿಸಿದಂತೆ ನೀವು ಅದನ್ನು ನಿಮ್ಮ ಹಾಡಿಗೆ ಬಗ್ಗಿಸಿರಿ. ಎರಡು, ಪದದ ನೆತ್ತಿಯ ಆ ಹಳೆಯ ಸಾಲನ್ನು ಮತ್ತೆ ಬರೆಯಿರಿ. ಯಾವ ಭಂಡಾರದ ಯಾವ ತುಣುಕು, ನುಡಿಸಿದವರು ಯಾರು ಎಂದು ಗೊತ್ತಿದ್ದಷ್ಟನ್ನು ಹಾಡಿನ ಜೊತೆ ಪ್ರಕಟಿಸಿರಿ. ಅದಕ್ಕೆ ಖರ್ಚಿಲ್ಲ.

ನಮ್ಮಂಥ ಸಂಘಗಳಿಗೂ ಇದರಲ್ಲಿ ಒಂದು ಕೆಲಸವಿದೆ. ಚೌಡಿಕೆ, ಕರಡಿ ಮಜಲು, ಪಾರಿಜಾತದ ಮೇಳ ಇವುಗಳ ಸದ್ದು ನಾಳೆ ಯಾವುದಾದರೂ ಭಂಡಾರವನ್ನು ಸೇರಿಯೇ ಸೇರುತ್ತದೆ. ಯಾರೋ ಬಂದು ಮುದ್ರಿಸಿಕೊಂಡು ‘ಭಾರತೀಯ ವಾದ್ಯ’ ಎಂದು ಚೀಟಿ ಅಂಟಿಸುವ ಮೊದಲು, ರಾಜ್ಯೋತ್ಸವಕ್ಕೆ ನಾವು ಕರೆಸುವ ಕಲಾವಿದರಿಂದಲೇ ಅದನ್ನು ಚೆನ್ನಾಗಿ ಮುದ್ರಿಸಿ, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಅವರ ಹೆಸರು, ಊರು, ಮಟ್ಟು ಎಲ್ಲವನ್ನೂ ಬರೆದಿಟ್ಟು ತರುಣರ ಕೈಗೆ ಕೊಡಬಹುದು. ಒಮ್ಮೆ ಹೆಸರಿಲ್ಲದೆ ಗಡಿ ದಾಟಿದ ಮಟ್ಟುಗಳು ಈ ಸಲವಾದರೂ ಹೆಸರು ಹೇಳಿಕೊಂಡು ದಾಟಲಿ.